ಫೀನೆಹಾಸನ ಈಟಿ

29 ಅಕ್ಟೋಬರ್ 2023, ಭಾನುವಾರ ರಾತ್ರಿ
ಮಂಗಳೂರು

ಮತಸುಧಾರಣೆಯ ಭಾನುವಾರವಾದ್ದರಿಂದ ಚರ್ಚಿನಲ್ಲಿ ಇಂದಿನ ಪ್ರಸಂಗ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲಿತ್ತು. ಮನುಷ್ಯನು ನೀತಿವಂತನೆಂದು ಎಣಿಸಲ್ಪಡುವುದು ನಂಬಿಕೆಯಿಂದ, ಕ್ರಿಯೆಗಳಿಂದಲ್ಲ ಎಂಬುದು ಬಾಸೆಲ್ ಮಿಶನ್ ಪರಂಪರೆಯ ಸಭೆಗಳಲ್ಲಿ ಬೆಳೆದ ನಮಗೆ ಬಾಯಿಪಾಠ. ಮನಸ್ಸು ಕಲಕಿದ್ದು ಸಂಜೆ ದೊಡ್ಡಮ್ಮ ಎತ್ತಿದ ಪ್ರಶ್ನೆಯಿಂದ.

ಅವರು ಬೈಬಲಿನ ಕೀರ್ತನೆಗಳನ್ನು ಕ್ರಮವಾಗಿ ಓದುತ್ತ 106ಕ್ಕೆ ಬಂದಿದ್ದಾರೆ. 31ನೆಯ ವಚನದ ಮೇಲೆ ಬೆರಳಿಟ್ಟು, "ಇಲ್ಲಿ ನೋಡು ಮಗಾ, ಫೀನೆಹಾಸನಿಗೂ ಅದು ನೀತಿಯೆಂದು ಎಣಿಸಲ್ಪಟ್ಟಿತಂತೆ. ಅಬ್ರಹಾಮನಿಗೆ ಹೇಳಿದ ಮಾತೇ ಅಲ್ಲವೇ ಇದು? ಆದರೆ ಇವನು ನಂಬಿದ್ದಕ್ಕಲ್ಲ, ಈಟಿ ಹಿಡಿದದ್ದಕ್ಕೆ" ಎಂದರು. ವರ್ಷಗಟ್ಟಲೆ ಆಸ್ಪತ್ರೆಯ ರೋಗಿಗಳಿಗೆ ಗಂಜಿ ಹೊತ್ತವರು ಈಗ ಮಂಡಿನೋವಿನಿಂದ ಆರಾಧನೆಗೂ ಬರಲಾರರು. ಕೈಯಿಂದ ಏನೂ ಆಗದ ಈ ಕಾಲದಲ್ಲಿ ಪೌಲನ ಮಾತೇ ಅವರ ಊರುಗೋಲು. ಅದಕ್ಕೇ ಈ ಒಂದು ವಚನ ಅವರಿಗೆ ಅಷ್ಟು ಚುಚ್ಚಿತು.

ಪೌಲನ ವಾದ ಕಾಲಾನುಕ್ರಮದ ಮೇಲೆ ನಿಂತಿದೆ. ಆಗಿನ್ನೂ ಅಬ್ರಾಮನೆನಿಸಿಕೊಂಡಿದ್ದ, ಮಕ್ಕಳಿಲ್ಲದ ಅಬ್ರಹಾಮನು ನಕ್ಷತ್ರಗಳನ್ನು ನೋಡಿ ದೇವರ ಮಾತನ್ನು ನಂಬಿದಾಗ ಅದು ಅವನಿಗೆ ನೀತಿಯೆಂದು ಎಣಿಸಲ್ಪಟ್ಟದ್ದು ಆದಿಕಾಂಡದ 15ನೆಯ ಅಧ್ಯಾಯದಲ್ಲಿ. ಸುನ್ನತಿಯಾದದ್ದು 17ನೆಯದರಲ್ಲಿ, 99ನೆಯ ವಯಸ್ಸಿನಲ್ಲಿ. ನಡುವೆ ಹುಟ್ಟಿದ ಇಷ್ಮಾಯೇಲನಿಗೆ ಆಗಲೇ 13 ವರ್ಷ. ಹಾಗಾದರೆ ನೀತಿಯ ಎಣಿಕೆ ಸುನ್ನತಿಗಿಂತ ಎಷ್ಟೋ ಮೊದಲೇ ಮುಗಿದಿತ್ತು ಎಂಬುದು ಅವನ ಪಟ್ಟು. ಆದರೆ ಆರೋನನ ಮೊಮ್ಮಗ ಫೀನೆಹಾಸನು ಇಸ್ರಾಯೇಲ್ಯನೊಬ್ಬನನ್ನೂ ಮಿದ್ಯಾನಿನ ಹೆಂಗಸನ್ನೂ ಒಂದೇ ಈಟಿಯಿಂದ ತಿವಿದಾಗ 24,000 ಜನರನ್ನು ಬಲಿ ತೆಗೆದುಕೊಂಡಿದ್ದ ವ್ಯಾಧಿ ನಿಂತಿತೆಂದು ಅರಣ್ಯಕಾಂಡ ಹೇಳುತ್ತದೆ, ಮತ್ತು ಕೀರ್ತನೆ ಆ ಕೃತ್ಯವನ್ನೇ ನೀತಿಯೆನ್ನುತ್ತದೆ. ಪೌಲನು ಅವನ ಹೆಸರನ್ನೇ ಎತ್ತುವುದಿಲ್ಲ.

ಯೆಹೂದ್ಯ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ಯೆರೂಸಲೇಮಿನ ತಾಲ್ಮೂದ್ ಮಾತ್ರ ಎತ್ತುತ್ತದೆ. ಜ್ಞಾನಿಗಳಿಗೆ ಅವನ ಕೃತ್ಯ ಒಪ್ಪಿಗೆಯಾಗಿರಲಿಲ್ಲವೆಂದೂ, ಪವಿತ್ರಾತ್ಮನು ಅಡ್ಡ ಬರದಿದ್ದರೆ ಅವನಿಗೆ ಬಹಿಷ್ಕಾರ ಹಾಕುತ್ತಿದ್ದರೆಂದೂ ಅಲ್ಲಿದೆ. ಇದನ್ನು ಹೇಳಿದಾಗ ದೊಡ್ಡಮ್ಮ ನಕ್ಕೇಬಿಟ್ಟರು. "ಹಾಗಾದರೆ ಅವರಿಗೂ ಇದು ನುಂಗಲಾರದ ತುತ್ತೇ!"

ಯೆಹೂದ್ಯರದು ಕ್ರಿಯೆಯ ಪಕ್ಷ, ನಮ್ಮದು ನಂಬಿಕೆಯ ಪಕ್ಷ ಎಂದು ಭಾನುವಾರ ಶಾಲೆಯಲ್ಲಿ ಗೆರೆ ಎಳೆದುಕೊಟ್ಟದ್ದು ನನಗೀಗ ಬಹಳ ಅಗ್ಗದ ಪಾಠವಾಗಿ ಕಾಣುತ್ತದೆ. ಮೋಶೆಗೆ ಕೊಟ್ಟ 613 ಆಜ್ಞೆಗಳನ್ನು ದಾವೀದನು 11ಕ್ಕೆ, ಮೀಕನು ಮೂರಕ್ಕೆ ಇಳಿಸಿದರೆಂದು ಹೇಳುತ್ತ ಹೋಗುವ ಬಾಬಿಲೋನಿನ ತಾಲ್ಮೂದ್, ಕೊನೆಗೆ ಎಲ್ಲವನ್ನೂ ಹಬಕ್ಕೂಕನ ಒಂದೇ ವಚನದ ಮೇಲೆ ನಿಲ್ಲಿಸುತ್ತದೆ: ನೀತಿವಂತನು ತನ್ನ ನಂಬಿಕೆಯಿಂದ ಬದುಕುವನು. ಪೌಲನು ರೋಮಾಪುರದವರಿಗೆ ಬರೆದ ಮೊದಲ ಅಧ್ಯಾಯದಲ್ಲಿ ಎತ್ತಿಕೊಂಡದ್ದೂ ಇದೇ ವಚನ, ಮತಸುಧಾರಣೆಯನ್ನು ಆರಂಭಿಸಿದ ಲೂಥರ್ ಹಗಲಿರುಳು ಹೆಣಗಿದ್ದೂ ಇದರೊಂದಿಗೇ. ರಬ್ಬಿಗಳಿಗೆ ಅದು ಆಜ್ಞೆಗಳನ್ನು ಹೊತ್ತು ನಿಲ್ಲುವ ಮಾತು. ಪೌಲನ ಕೈಯಲ್ಲಿ ಅದೇ ಮಾತು ಆಜ್ಞೆಗಳ ಹೊರಗಿದ್ದ ಅನ್ಯಜನರಿಗೆ ಬಾಗಿಲು ತೆರೆಯಿತು.

ದೊಡ್ಡಮ್ಮ ಮಲಗಿದ ಮೇಲೆ, ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರಿಕೆಯನ್ನು ತೆಗೆದೆ. ಲೂಥರ್ 1522ರಲ್ಲಿ ಇದನ್ನು ಹುಲ್ಲಿನ ಪತ್ರಿಕೆಯೆಂದು ಜರೆದದ್ದು ನನಗೆಂದೂ ಹಿಡಿಸಿಲ್ಲ. ಯಾಕೋಬನು ನಕ್ಷತ್ರಗಳ ರಾತ್ರಿಯ ವಚನವನ್ನೇ ಒಯ್ದು ಅಬ್ರಹಾಮನು ಮಗ ಇಸಾಕನನ್ನು ಮಲಗಿಸಿದ ಯಜ್ಞವೇದಿಯ ಪಕ್ಕದಲ್ಲಿಡುತ್ತಾನೆ, ನಂಬಿಕೆ ಪೂರ್ಣವಾದದ್ದು ಅಲ್ಲಿ ಎನ್ನುತ್ತಾನೆ. ಆದರೆ ನನ್ನನ್ನು ತಡೆದು ನಿಲ್ಲಿಸಿದವಳು ಅವನು ಮುಂದೆ ಹೆಸರಿಸುವ ಯೆರಿಕೋವಿನ ವೇಶ್ಯೆ ರಾಹಾಬಳು. ಇಸ್ರಾಯೇಲ್ಯರ ಗೂಢಚಾರರನ್ನು ಮಾಳಿಗೆಯಲ್ಲಿ ಅಗಸೆಯ ದಂಟುಗಳ ಕೆಳಗೆ ಅಡಗಿಸಿಟ್ಟ ಅವಳು ಯಾಕೋಬನಿಗೆ ಕ್ರಿಯೆಯ ಸಾಕ್ಷಿ, ಇಬ್ರಿಯರಿಗೆ ಬರೆದ ಪತ್ರಿಕೆಗೆ ನಂಬಿಕೆಯ ಸಾಕ್ಷಿ, ಮತ್ತು ಇಬ್ಬರೂ ಹೇಳುತ್ತಿರುವುದು ಅದೇ ಮನೆಯ, ಅದೇ ರಾತ್ರಿಯ ಸಂಗತಿ. ಹಾಗಿರುವಾಗ ಫೀನೆಹಾಸನನ್ನು ಯಾವ ಸಾಲಿನಲ್ಲಿ ನಿಲ್ಲಿಸಲಿ?