ಆ ತಾಮ್ರ ಎಲ್ಲಿ ನಿಂತಿದೆ?

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುವಾಗ ನಮ್ಮ ಬ್ಯಾಚಿಗೆಲ್ಲ ಕಾಂಪ್ಲೆಕ್ಸ್ (ಲೋಹಕ್ಕೆ ಲಿಗ್ಯಾಂಡ್ ಎಂಬ ಅಣು ಅಂಟಿದ ಸಂಯುಕ್ತ) ಮಾಡುವ ಹುಚ್ಚು. ಷಿಫ್ ಬೇಸ್ ಅನ್ನುವ ಲಿಗ್ಯಾಂಡಿಗೆ ತಾಮ್ರದ ಲವಣ ಸೇರಿಸಿ ಆವಿ ಹೊರಹೋಗದಂತೆ ಕುದಿಸಿ ರಿಫ್ಲಕ್ಸ್ ಮಾಡು, ಹಸಿರು ಪುಡಿ ಸೋಸು, ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿಗೆ ಹಾಕು. ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ ದೊಡ್ಡದಾಗಿದ್ದರೆ ಕ್ಯಾಂಟೀನಿನಲ್ಲಿ ಟ್ರೀಟ್.

ನಮ್ಮ ಮೇಡಂ ಇದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. "ಸಿ.ವಿ. ತೆಗೆದ್ಯೇನಪ್ಪಾ?" ಅನ್ನುವುದೇ ಅವರ ಮೊದಲ ಪ್ರಶ್ನೆ. ಸಿ.ವಿ., ಅಂದರೆ ಸೈಕ್ಲಿಕ್ ವೋಲ್ಟಮೆಟ್ರಿ, ತಾಮ್ರ ಯಾವ ವೋಲ್ಟೇಜಿನಲ್ಲಿ ಎಲೆಕ್ಟ್ರಾನ್ ತಗೊಂಡು ಕೊಡುತ್ತದೆ ಎಂದು ನೋಡುವ ವಿಧಾನ; ತಾಳ್ಮೆಯ ಕೆಲಸ. ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡನ್ನು ಒದ್ದೆ ಬಟ್ಟೆಯ ಮೇಲೆ ಅಲ್ಯುಮಿನಾ ಪುಡಿ ಹಾಕಿ, ಮುಖ ಕಾಣುವಷ್ಟು ಉಜ್ಜಬೇಕು. ದ್ರಾವಣಕ್ಕೆ ನೈಟ್ರೋಜನ್ ಹಾಯಿಸಿ ಆಕ್ಸಿಜನ್ ಓಡಿಸಬೇಕು, ಇಲ್ಲದಿದ್ದರೆ ಅದರದ್ದೇ ಪೀಕ್ ಬಂದು ಕೂರುತ್ತದೆ. ಆಮೇಲೆ ವೋಲ್ಟೇಜ್ ಇಳಿಸಿ ಏರಿಸಿದರೆ, ತಾಮ್ರ ಎಲೆಕ್ಟ್ರಾನ್ ತಗೊಂಡು ವಾಪಸ್ ಕೊಟ್ಟ ಗ್ರಾಫು ಬಾತುಕೋಳಿಯ ಹಾಗೆ ಮೂಡುತ್ತದೆ. ಒಂದೇ ಎಲೆಕ್ಟ್ರಾನಿನ ಸಲೀಸಾದ ವ್ಯವಹಾರವಾದರೆ ಎರಡು ಪೀಕ್‌ಗಳ ನಡುವೆ ಸುಮಾರು 59 ಮಿಲಿವೋಲ್ಟ್ ಅಂತರ. ನಮ್ಮವು ಅಷ್ಟು ಚೆನ್ನಾಗಿ ಬಂದಿದ್ದು ಕಡಿಮೆಯೇ ಬಿಡಿ.

ಇದಕ್ಕೂ ಜೀವಕೋಶಕ್ಕೂ ಏನು ಸಂಬಂಧ? ಮೇಡಂ ಬೋರ್ಡಿನ ಮೇಲೆ ವೋಲ್ಟೇಜಿನ ಅಳತೆಪಟ್ಟಿಯ ಹಾಗೆ ಉದ್ದಕ್ಕೆ ಒಂದು ಗೆರೆ ಎಳೆದರು. ಕೆಳಗೆ -0.16 ವೋಲ್ಟ್: ಆಕ್ಸಿಜನ್ ಒಂದು ಎಲೆಕ್ಟ್ರಾನ್ ತಗೊಂಡು ಸೂಪರಾಕ್ಸೈಡ್ ಆಗುವ ಜಾಗ. ಮೇಲೆ ಸುಮಾರು +0.9: ಸೂಪರಾಕ್ಸೈಡ್ ಹೈಡ್ರೋಜನ್ ಪೆರಾಕ್ಸೈಡ್ ಆಗುವ ಜಾಗ. ನಮ್ಮ ರಕ್ತದ ಕೆಂಪು ಕಣಗಳಲ್ಲಿರುವ ತಾಮ್ರ-ಸತುವಿನ ಕಿಣ್ವ, ಸೂಪರಾಕ್ಸೈಡ್ ಡಿಸ್ಮ್ಯೂಟೇಸ್, ನಿಂತಿರುವುದು ಸುಮಾರು +0.3ರಲ್ಲಿ, ಎರಡರ ಮಧ್ಯೆ. ಅದಕ್ಕೇ ಅದು ಒಂದು ಸೂಪರಾಕ್ಸೈಡಿನಿಂದ ಎಲೆಕ್ಟ್ರಾನ್ ತಗೊಂಡು ಇನ್ನೊಂದಕ್ಕೆ ಕೊಡಬಲ್ಲದು. ಈ ಎರಡು ಜಾಗಗಳ ಆಚೆ ಹೋದರೆ ಒಂದೋ ತಗೊಳ್ಳಲು ಆಗಲ್ಲ, ಇಲ್ಲಾ ಕೊಡಲು ಆಗಲ್ಲ. ಆ ಪ್ರೋಟೀನ್ ಹಸುವಿನ ರಕ್ತದಲ್ಲಿ ಸಿಕ್ಕಿದ್ದು 1938ರಲ್ಲಿ. ಅದರ ಕೆಲಸ ಏನೆಂದು ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿದ್ದು 1969ರಲ್ಲಿ. ಅಲ್ಲಿವರೆಗೆ ಸುಮ್ನೆ ತಾಮ್ರ ಕೂಡಿಡುವ ಡಬ್ಬಿ ಅಂದುಕೊಂಡಿದ್ದರಂತೆ!

ಪ್ಲಾಟಿನಂ(IV) ಕಾಂಪ್ಲೆಕ್ಸ್‌ಗಳದ್ದೂ ಹೀಗೇ ಕಥೆ. ಅವು ಜೀವಕೋಶದೊಳಗೆ ಹೋಗಿ ಎರಡು ಎಲೆಕ್ಟ್ರಾನ್ ತಗೊಂಡು ಪ್ಲಾಟಿನಂ(II) ಆದಮೇಲೇ ಕ್ಯಾನ್ಸರ್ ಮೇಲೆ ಕೈಮಾಡುವುದು. ದಾರಿಯಲ್ಲೇ ಎಲೆಕ್ಟ್ರಾನ್ ತಗೊಂಡುಬಿಟ್ಟರೆ ಕೆಲಸ ಕೆಟ್ಟಿತು.

ಒಮ್ಮೆ ಗೆಳೆಯನೊಬ್ಬ ದೊಡ್ಡ ವೃತ್ತ ಬಂದ ಪ್ಲೇಟು ಹಿಡಿದು ಕುಣಿಯುತ್ತಾ ಬಂದ. ಮೇಡಂ ಕನ್ನಡಕ ಏರಿಸಿ ಕೇಳಿದರು: "ಬರೀ ಲಿಗ್ಯಾಂಡಿಗೆ ಎಷ್ಟು ಬಂತು? ಬರೀ ಕಾಪರ್ ಕ್ಲೋರೈಡಿಗೆ? ಬರೀ ಡಿ.ಎಂ.ಎಸ್.ಒ. ದ್ರಾವಕಕ್ಕೆ?" ವೃತ್ತ ಅವುಗಳಿಂದಲೇ ಬಂದಿರಬಹುದಲ್ಲ! ಆ ಸಂಜೆ ಕ್ಯಾಂಟೀನ್ ಬಿಟ್ಟು ನಾವೆಲ್ಲ ಅವನ ಜೊತೆ ಹೊಸ ಪ್ಲೇಟು ಹಾಕಲು ಕೂತೆವು. ಟ್ರೀಟ್ ಇನ್ನೂ ಬಾಕಿ ಇದೆ ಕಣೋ, ಇದನ್ನು ಓದುತ್ತಿದ್ದರೆ ಫೋನ್ ಮಾಡು.