ಒಂಬತ್ತು ಸಲ ನೋಡಿದೆ

ನಿನ್ನೆ ಬಾಗಿಲ ಮೇಲೆ ಕ್ಯಾಮೆರಾ ಹಾಕಿದೆ. ಸ್ಕ್ರೂ ಬಿಗಿಯಲು ಹತ್ತು ನಿಮಿಷ, ಸೆಟ್ಟಿಂಗ್ಸ್‌ಗೆ ಇಡೀ ಸಂಜೆ! ಮೊದಲು ಬದಲಿಸಿದ್ದು ಪಾಸ್‌ವರ್ಡ್. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಲಕ್ಷಗಟ್ಟಲೆ ಕ್ಯಾಮೆರಾ, ರೌಟರ್‌ಗಳೊಳಗೆ ನುಗ್ಗಿತ್ತಲ್ಲ, ಅದಕ್ಕೆ ದಾರಿ ಕೊಟ್ಟಿದ್ದು ಕಂಪನಿ ಹಾಕಿಕೊಟ್ಟ ಪಾಸ್‌ವರ್ಡುಗಳೇ. ಯಾರೂ ಬದಲಿಸಿರಲಿಲ್ಲ. ಆಮೇಲೆ ಫರ್ಮ್‌ವೇರ್, ಅಂದರೆ ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್. ಮನೆಯ ಸಾಧನಗಳು ನಮ್ಮನ್ನು ಕೇಳದೆ ಇಂಟರ್ನೆಟ್‌ಗೆ ದಾರಿ ತೆರೆಯಲು ಬಿಡುವ ಯುಪಿಎನ್‌ಪಿ ರೌಟರ್‌ನಲ್ಲಿ ಆಫ್. ಹೊರಗಿನಿಂದ ನೇರ ಕ್ಯಾಮೆರಾಗೇ ದಾರಿ ಬಿಡುವ ಪೋರ್ಟ್ ಫಾರ್ವರ್ಡಿಂಗ್ ಗೋಜಿಗೇ ಹೋಗಲಿಲ್ಲ, ಅದು ಸುಮ್ನೆ ಬೀದಿಗೆ ಕಿಟಕಿ ತೆರೆದಿಟ್ಟ ಹಾಗೆ. ಹೊರಗಿದ್ದಾಗ ವೈರ್‌ಗಾರ್ಡ್ ಎಂಬ ವಿಪಿಎನ್ (ಬೇರೆಯವರು ಇಣುಕಲಾಗದ ಖಾಸಗಿ ಸುರಂಗದಂಥ ಸಂಪರ್ಕ) ಮೂಲಕ ಮನೆಯ ನೆಟ್‌ವರ್ಕ್‌ಗೆ ಸೇರಿ ನೋಡುತ್ತೇನೆ. ಒಂದು ಟ್ಯಾಪ್ ಜಾಸ್ತಿ, ಅಷ್ಟೇ.

ಇವತ್ತು ಕೆಲಸದ ನಡುವೆ ಒಂಬತ್ತು ಸಲ ತೆರೆದು ನೋಡಿದೆ. ಕ್ಯಾಮೆರಾ ಮನೆ ಕಾಯುತ್ತಿದೆಯೋ, ನಾನೇ ಕ್ಯಾಮೆರಾ ಕಾಯುತ್ತಿದ್ದೇನೋ? ಕಂಡಿದ್ದು ಖಾಲಿ ಮೆಟ್ಟಿಲು, ಒಂದು ಬೆಕ್ಕು. ಅದೂ ನೇರವಾಗಿ ಲೆನ್ಸನ್ನೇ ನೋಡುತ್ತಿತ್ತು.