ಮಕಾವ್‌ನ ಸಣ್ಣ ಸ್ಮಶಾನ

ಇವತ್ತು ಚೀನಾದ ಕರಾವಳಿಯ ಮಕಾವ್‌ನ ಹಳೆಯ ಪ್ರಾಟೆಸ್ಟೆಂಟ್ ಸ್ಮಶಾನದಲ್ಲಿ ಸುಮ್ನೆ ಒಂದು ಗಂಟೆ ಕೂತಿದ್ದೆ. 1821ರಲ್ಲಿ ಬ್ರಿಟಿಷ್ ಮಿಷನರಿ ರಾಬರ್ಟ್ ಮಾರಿಸನ್ ಅವರ ಹೆಂಡತಿ ಮೇರಿ ಕಾಲರಾದಿಂದ ತೀರಿಕೊಂಡಾಗ ಮಣ್ಣು ಮಾಡಲು ಜಾಗವೇ ಇರಲಿಲ್ಲ. ಆಗ ಇದು ಪೋರ್ಚುಗೀಸರ ಕ್ಯಾಥೊಲಿಕ್ ಊರು, ಪ್ರಾಟೆಸ್ಟೆಂಟರಿಗೆ ನೆಲ ಕೊಡುತ್ತಿರಲಿಲ್ಲ. ಹುಟ್ಟಿದಾಗಲೇ ಕಳೆದುಕೊಂಡಿದ್ದ ಮಗನನ್ನು ಗುಡ್ಡದ ಮೇಲೆ ಹೂತಿದ್ದರು. ಅವನ ಜೊತೆ ಅಮ್ಮನನ್ನೂ ಇಡೋಣ ಎಂದರೆ ಚೀನೀಯರು ಒಪ್ಪಲಿಲ್ಲ. ಎಂಥ ಸಂಕಟ, ಅಲ್ವಾ? ಕೊನೆಗೆ ಈಸ್ಟ್ ಇಂಡಿಯಾ ಕಂಪನಿ ಈ ತುಂಡು ನೆಲ ಕೊಂಡಿತು. ಚೀನೀ ಭಾಷೆಗೆ ದೊಡ್ಡ ಇಂಗ್ಲಿಷ್ ನಿಘಂಟು ಮಾಡಿದ ಗಂಡ ರಾಬರ್ಟ್, 1834ರಲ್ಲಿ ಪಕ್ಕಕ್ಕೇ ಬಂದರು.

ಆಗ ಕ್ಯಾಂಟನ್‌ನಲ್ಲಿದ್ದ (ಇಂದಿನ ಗುವಾಂಗ್‌ಝೌ) ವಿದೇಶಿ ವ್ಯಾಪಾರಿಗಳ ಕೋಠಿಗಳಿಗೆ ಅವರ ಮನೆಯ ಹೆಂಗಸರು ಹೋಗುವಂತಿರಲಿಲ್ಲ. ವ್ಯಾಪಾರದ ತಿಂಗಳುಗಳಲ್ಲಿ ಗಂಡಸರು ಅಲ್ಲಿ, ಹೆಂಡತಿ ಮಕ್ಕಳು ಇಲ್ಲಿ. ಎಷ್ಟೊಂದು ಕಾಯುವಿಕೆ ಈ ಊರಲ್ಲಿ ನಡೆದಿರಬೇಕು! ಮೇರಿಯ ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ತೆಗೆದು ಬಂದೆ.